ಎಡಗೈ ಎತ್ತಿದವನು

ರೇಸ್ ಟ್ರ್ಯಾಕಿನಲ್ಲಿ ಬೈಕ್ ಓಡಿಸಲು ಬರುವವರ ಹೆಲ್ಮೆಟ್, ಬ್ರೇಕು ಪರೀಕ್ಷಿಸಿ ಒಳಗೆ ಬಿಡುವುದು ನನ್ನ ಕೆಲಸ. ಟ್ರ್ಯಾಕ್ ಬಿಟ್ಟು ಹೊರಬರುವ ಮುನ್ನ ಎಡಗೈ ಎತ್ತಿ, ಇಲ್ಲದಿದ್ದರೆ ಹಿಂದಿನವನು ಬಂದು ಗುದ್ದುತ್ತಾನೆ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಕೇಳುವವರು ಯಾರು? ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಬೆಟ್ಟದಂಥ ಬೈಕು ತರುತ್ತಾರೆ, ಒಂದು ಕೈ ಎತ್ತುವುದು ಮಾತ್ರ ಭಾರ.

ಆ ದಿನ ಒಬ್ಬ ಮಾತ್ರ ಪ್ರತಿ ಸಲವೂ ಕೈ ಎತ್ತಿದ. ಬೂದು ಬಣ್ಣದ ರೇಸಿಂಗ್ ಸೂಟಿನವನು. ನಡುಮಧ್ಯಾಹ್ನ ಉಳಿದ ಬೈಕುಗಳು ಪಕ್ಕದಲ್ಲಿ ಹಾದರೆ ಎಂಜಿನ್ನಿನ ಕಾವು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಅವನದು ಹಾದಾಗ ಫ್ರಿಜ್ಜಿನ ಬಾಗಿಲು ತೆರೆದಂತೆ ತಣ್ಣಗಾಗುತ್ತಿತ್ತು. ಸಿಟ್ಟಿನಲ್ಲಿದ್ದ ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಸಂಜೆ ಎಲ್ಲರನ್ನೂ ನಿಲ್ಲಿಸಿ ಬೈದೆ. "ಆ ಬೂದು ಸೂಟಿನವರನ್ನ ನೋಡಿ ಕಲೀರಿ!"

"ಯಾರಣ್ಣ ಅದು? ನಮ್ಮಲ್ಲಿ ಯಾರೂ ಬೂದು ಸೂಟು ಹಾಕಿಲ್ವಲ್ಲ," ಎಂದ ಒಬ್ಬ. ಎಣಿಸಿದೆ, ಹತ್ತೊಂಬತ್ತು ಜನ ಇದ್ದರು.

"ನನ್ನ ಕಿವಿ ಮೇಲೇ ಹೂ ಇಡ್ತೀರಾ?" ಎಂದು ಬೆಳಗಿನ ಪರೀಕ್ಷೆಯ ಪಟ್ಟಿ ತೆಗೆದೆ. ಇಪ್ಪತ್ತನೆಯ ಸಾಲೂ ತುಂಬಿತ್ತು, ನನ್ನದೇ ಅಕ್ಷರದಲ್ಲಿ. ಹೆಲ್ಮೆಟ್ ಸರಿ, ಬ್ರೇಕ್ ಸರಿ, ಸೂಟು ಬೂದು. ಹೆಸರಿನ ಜಾಗ ಮಾತ್ರ ಖಾಲಿ.

ಹೆಲ್ಮೆಟ್ ಬಿಚ್ಚಿಸಿ, ಕೈಯಲ್ಲಿ ಹಿಡಿದು ನೋಡದೆ ನಾನು ಯಾರಿಗೂ 'ಸರಿ' ಎಂದು ಬರೆದವನಲ್ಲ. ಅಂದರೆ ಆ ಬೆಳಗ್ಗೆ ಅವನ ಮುಖವನ್ನು ನಾನು ನೋಡಿದ್ದೇನೆ. ಅದನ್ನು ನೆನಪಿಸಿಕೊಳ್ಳಲು ಹೋದಾಗಲೆಲ್ಲ ಮೊಣಕಾಲು ತಣ್ಣಗಾಗುತ್ತದೆ, ಅಷ್ಟೇ.