ಅರ್ಧ ಹೊಳೆದ ಬಾನೆಟ್

ಜ್ಞಾನೇಶ್ ಮತ್ತೆ ಬಂದ. ಬಂದವನೇ ಅದೇ ರೋಟರಿ ಪಾಲಿಷರ್ ಎತ್ತಿಕೊಂಡ, ತೂಕ ನೋಡಿದ, ಹಿಡಿಯ ಮೇಲೆ ಬೆರಳಾಡಿಸಿದ, ಮತ್ತೆ ಮೆಲ್ಲಗೆ ಕೌಂಟರ್ ಮೇಲಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು.

“ಅದೇನು ಕೂಸೇನ್ರೀ, ಎತ್ಕೊಂಡು ಎತ್ಕೊಂಡು ಇಳಿಸಕ್ಕೆ?” ಅಂದೆ.

ಅವನು ನಕ್ಕ. ನಕ್ಕರೆ ಅವನ ಬಲಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಎಡಗೆನ್ನೆಗೆ ಏನು ಬಂದಿದೆಯೋ ಗೊತ್ತಿಲ್ಲ. ಇಂಥದ್ದನ್ನೆಲ್ಲ ಗಮನಿಸುತ್ತ ಕೂತಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ತಿಪಟೂರಿನಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ಬೋರ್‌ವೆಲ್ ಮೋಟಾರು, ಕೇಬಲ್ಲು, ಪೈಪು, ಡ್ರಿಲ್ಲಿಂಗ್ ಮಷೀನು ಎಲ್ಲ ಇಟ್ಟಿದ್ದೇವೆ. ಬೆಳಿಗ್ಗೆ ಅಪ್ಪ ಕೂರುತ್ತಾರೆ, ಆಮೇಲೆ ನಾನು. ಜ್ಞಾನೇಶ್ ಹೊನ್ನವಳ್ಳಿಯವನು. ತುಮಕೂರಿನಲ್ಲಿ ಕಾರು ಪಾಲಿಷ್ ಮಾಡೋ ಕೆಲಸ ಕಲಿತು ಬಂದು, ಈಗ ಹೊನ್ನವಳ್ಳಿ ರಸ್ತೆಯಲ್ಲಿ ಸ್ವಂತ ಶೆಡ್ ಹಾಕಿದ್ದಾನೆ. ಶೆಡ್ ಇದೆ, ನೀರಿದೆ, ಬೋರ್ಡಿದೆ. ಮಷೀನು ಮಾತ್ರ ಇಲ್ಲ. ಅದನ್ನು ಆರಿಸುವುದಕ್ಕೆ ತೆಂಗಿನ ಸಸಿ ನೆಟ್ಟು ಕಾಯಿ ಕೀಳುವಷ್ಟು ಕಾಲ ತಗೊಳ್ಳುತ್ತಿದ್ದ.

“ಯಾವ್ದು ಬೇಕು ಅಂತ ಒಂದು ಹೇಳ್ಬುಡಿ,” ಅಂದೆ.

“ಅಲ್ಲೇ ಇರೋದು ಕಣ್ರೀ ಕಷ್ಟ. ಈ ರೋಟರಿ ಒಂದೇ ಸುತ್ತು ಸುತ್ತುತ್ತೆ, ಕೆಲ್ಸ ಬೇಗ ಆಗುತ್ತೆ. ಆದ್ರೆ ಒಂದೇ ಕಡೆ ನಿಲ್ಸಿದ್ರೆ ಬಿಸಿಯಾಗಿ ಬಣ್ಣ ಸುಟ್ಟೋಗುತ್ತೆ. ಓಡಾಡಿಸ್ತಾನೇ ಇರ್ಬೇಕು. ಆ ಡ್ಯುಯಲ್ ಆಕ್ಷನ್ ಇದೆಯಲ್ಲ, ಅದು ಸುತ್ತುತ್ತಾನೇ ಅಲುಗಾಡುತ್ತೆ. ಅಷ್ಟು ಸುಲಭಕ್ಕೆ ಸುಡಲ್ಲ, ಆದ್ರೆ ನಿಧಾನ.”

“ನಿಧಾನ ನಿಮಗೇನು ಹೊಸದಾ?”

ಅವನ ಕಿವಿ ಕೆಂಪಾದವು. ಮಷೀನಿಗೆ ಸಿಕ್ಕಿಸುವ ಉಣ್ಣೆಯ ಪ್ಯಾಡ್ ಒಂದನ್ನು ತೆಗೆದುಕೊಂಡು ಅಂಗೈಗೆ ಒತ್ತಿಕೊಂಡ. ಆಮೇಲೆ ನನ್ನತ್ತ ಒಮ್ಮೆ ನೋಡಿ, ಕಣ್ಣು ಕೂಡುತ್ತಿದ್ದಂತೆ ಪ್ಯಾಡಿನ ಲೇಬಲ್ ಓದಲು ಶುರುಮಾಡಿದ. ಲೇಬಲ್ ತಲೆಕೆಳಗಾಗಿತ್ತು.

“ಇದು ಉಣ್ಣೆದು, ಆಳದ ಗೀರಿಗೆ. ಹಳದಿ ಫೋಮು ಅದಾದ ಮೇಲಿನ ಕೆಲ್ಸಕ್ಕೆ. ಕಪ್ಪು ಫೋಮು ಮೆತ್ತಗೆ, ಕೊನೇಲಿ ಹೊಳಪಿಗೆ,” ಅಂತ ನನಗೇ ಪಾಠ ಹೇಳಿದ. ಹೋದ ಸಲವೂ ಇದೇ ಪಾಠ.

“ಹಂಗಾದ್ರೆ ಮೂರೂ ಕಟ್ಲಾ?”

“ಇನ್ನೊಂದ್ಸಲ ಬಂದು ನೋಡ್ತೀನಿ,” ಅಂದು ಹೊರಟೇಬಿಟ್ಟ.

ಅವನ ಬೈಕಿನ ಸದ್ದು ಸಂತೆ ಬೀದಿ ದಾಟುವವರೆಗೂ ನಾನು ಕೌಂಟರ್ ಒರೆಸುತ್ತಿದ್ದೆ. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದೆ.

ನನ್ನ ಕಷ್ಟ ಇಷ್ಟೇ. ಶಾಂತಕುಮಾರಿ ಅತ್ತೆ, ಅಂದರೆ ನಮ್ಮ ಜೊತೆಯಲ್ಲೇ ಇರುವ ಅಪ್ಪನ ಅಕ್ಕ, ತುರುವೇಕೆರೆಯಿಂದ ಒಂದು ಸಂಬಂಧ ತಂದಿದ್ದರು. ಹುಡುಗನ ಕಡೆಯವರು ಬಂದು ನನ್ನನ್ನು ನೋಡಿ ಒಪ್ಪಿಕೊಂಡೂ ಹೋಗಿದ್ದರು. ನಮ್ಮ ಕಡೆ ಹುಡುಗನ ಮನೆ ನೋಡಿದ ಮೇಲೆಯೇ ಹೆಣ್ಣಿನವರು ಮಾತು ಕೊಡುವುದು. ಅಡಿಗೆಮನೆ, ಅಟ್ಟ, ತೋಟ, ಬಾವಿ, ಬಚ್ಚಲು ಎಲ್ಲ ನೋಡಿ, ಪಾಯಸ ಕುಡಿದು, ಎದ್ದು ಬರುವಾಗ ಹೂಂ ಅನ್ನಬೇಕು. ಆ ಮನೆ ನೋಡುವ ದಿನ ಭಾನುವಾರಕ್ಕೆ ನಿಂತಿತ್ತು. ಅಪ್ಪ ಅಲ್ಲಿ ಹೂಂ ಅಂದರೆ ಮುಗಿಯಿತು, ಅವರು ಕೊಟ್ಟ ಮಾತು ತಪ್ಪುವ ಮನುಷ್ಯ ಅಲ್ಲ.

ಬೇಡ ಅಂತ ನಾನು ಹೇಳಬಹುದಿತ್ತು. ಆದರೆ ಯಾಕೆ ಅಂದರೆ ಏನೆನ್ನಲಿ? ಪಾಲಿಷರ್ ತಗೊಳ್ಳದೆ ಹೋಗುವ ಒಬ್ಬ ಗಿರಾಕಿ ಇದ್ದಾನೆ ಅನ್ನಲೇ? ಅವನ ಮನಸ್ಸಲ್ಲಿ ನಾನಿದ್ದೇನೋ ಬರೀ ಮಷೀನಿದೆಯೋ, ಅದೇ ಗೊತ್ತಿರಲಿಲ್ಲ. ರಾತ್ರಿಯೆಲ್ಲ ಮಗ್ಗುಲು ಬದಲಿಸಿ ಬದಲಿಸಿ ಚಾಪೆಯೇ ಸವೆದಿತ್ತು.

ಶುಕ್ರವಾರ ಬೆಳಿಗ್ಗೆ ಅಪ್ಪನೇ ದಾರಿ ತೋರಿಸಿದರು.

“ವರ್ಷಿಣಿ, ಕಾರಿನ ಬಾನೆಟ್ ಮೇಲೆ ತೆಂಗಿನ ಗರಿ ಎಳೆದೂ ಎಳೆದೂ ಬರೀ ಗೀರು ಕಣಮ್ಮ. ದಿನಾ ಪಾಲಿಷರ್ ನೋಡಕ್ಕೆ ಬರ್ತಾನಲ್ಲ, ಆ ಹುಡುಗನ ಶೆಡ್ಡಿಗೆ ತಗೊಂಡೋಗು. ಎರಡೂ ಮಷೀನು, ಪ್ಯಾಡು ಒಯ್ದು ಅವನ ಕೈಗೆ ಕೊಡು. ನಮ್ಮ ಕಾರಿನ ಮೇಲೇ ಟ್ರಯಲ್ ಮಾಡಿ, ಯಾವ್ದು ಬೇಕೋ ಆರಿಸ್ಕೊಳ್ಳಲಿ. ಭಾನುವಾರಕ್ಕೆ ಕಾರು ಹೊಳೀಬೇಕು.”

ಹೂಂ ಅಂದೆ. ಬೇರೆಯವರ ಮನೆಗೆ ನನ್ನನ್ನು ಕೊಡಲು ಹೊರಡುವ ಕಾರನ್ನು ಅವನ ಕೈಯಲ್ಲೇ ಹೊಳೆಸುವುದು. ದೇವರಿಗೆ ತಮಾಷೆ ಮಾಡಲು ಬೇರೆ ಯಾರೂ ಸಿಗಲಿಲ್ಲವೇ?

ಶೆಡ್ಡಿನಲ್ಲಿ ಅವನೊಬ್ಬನೇ ಇದ್ದ. ಹಿಂದೆ ತೋಟ, ಮುಂದೆ ರಸ್ತೆ, ನಡುವೆ ತಗಡಿನ ನೆರಳು. ನನ್ನನ್ನು ನೋಡಿ ಕೈಯಲ್ಲಿದ್ದ ಪೈಪು ಕೆಳಗೆ ಬಿಟ್ಟ. ಅದು ಹಾವಿನ ಹಾಗೆ ಹೊರಳಾಡಿ ಅವನ ಪ್ಯಾಂಟನ್ನೆಲ್ಲ ನೆನೆಸಿತು.

“ನೀವಾ?” ಅಂದ.

“ಇಲ್ಲ, ನಮ್ಮಜ್ಜಿ. ಹಿಡೀರಿ ಮಷೀನು.”

ಅವನು ಬಾನೆಟ್ ನೋಡಿ ಹುಬ್ಬೇರಿಸಿದ. “ಅಯ್ಯೋ, ಇದು ಆಗ್ಲೇ ಕನ್ನಡಿ ಇದ್ದಂಗಿದೆಯಲ್ರೀ! ಗೀರೇ ಕಾಣಲ್ಲ.”

ನನಗೂ ಆಶ್ಚರ್ಯವೇ. ಹಿಂದಿನ ದಿನ ಇದ್ದ ಗೀರೆಲ್ಲ ಎಲ್ಲಿ ಹೋದವು? ಅವನು ರೋಟರಿಗೆ ಉಣ್ಣೆ ಪ್ಯಾಡ್ ಹಾಕಿದ, ಗೀರು ಉಜ್ಜುವ ಬಿಳಿ ಕಾಂಪೌಂಡ್ ಪೇಸ್ಟು ನಾಲ್ಕು ತೊಟ್ಟು ಬಿಟ್ಟ, ಸ್ವಿಚ್ ಒತ್ತಿದ. ಅಷ್ಟೇ. ಪ್ಯಾಡು ಬಣ್ಣ ಹಿಡಿಯಲೇ ಇಲ್ಲ, ಜಾರಿಕೊಂಡು ಓಡಿತು. ಬಿಳಿ ಬಿಳಿ ಚುಕ್ಕೆ ಅವನ ಮುಖಕ್ಕೆ, ನನ್ನ ದುಪಟ್ಟಾಕ್ಕೆ, ತಗಡಿಗೆಲ್ಲ ಸಿಡಿಯಿತು. ಜೊತೆಗೆ ಒಗ್ಗರಣೆಗೆ ಎಣ್ಣೆ ಕಾಯಿಸಿದಂಥ ವಾಸನೆ. ಅವನು ಮಷೀನು ನಿಲ್ಲಿಸಿ ಪ್ಯಾಡ್ ಮೂಸಿ ನೋಡಿದ.

“ಕೊಬ್ಬರಿ ಎಣ್ಣೆ!”

ನನಗೆ ಆಗ ಹೊಳೆಯಿತು. ಶಾಂತಕುಮಾರಿ ಅತ್ತೆ! ನಮ್ಮ ಮನೆಯಲ್ಲಿ ತಲೆಗೂ ಅದೇ ಎಣ್ಣೆ, ಬಾಗಿಲಿಗೂ ಅದೇ ಎಣ್ಣೆ. ಶುಭಕಾರ್ಯಕ್ಕೆ ಹೊರಡುವ ಕಾರಲ್ಲವೇ, ಬೆಳಿಗ್ಗೆ ಎದ್ದು ಕಾರಿನ ತಲೆಗೂ ಬಳಿದಿದ್ದಾರೆ. ನಾನು ಬಾಯಿಗೆ ದುಪಟ್ಟಾ ಅಡ್ಡ ಇಟ್ಟುಕೊಂಡು ನಕ್ಕೆ. ಅವನೂ ನಕ್ಕ, ಬಿಳಿ ಚುಕ್ಕೆ ಹತ್ತಿದ ಗುಳಿಯ ಸಮೇತ. ನನಗೆ ಅದನ್ನು ಒರೆಸಬೇಕು ಅನ್ನಿಸಿತು. ಕೈ ಕಟ್ಟಿಕೊಂಡು ನಿಂತೆ.

ಅವನು ಸೋಪಿನ ನೀರು ಹಾಕಿ ತೊಳೆದ. ಎಣ್ಣೆ ಇಳಿದಂತೆ ಗೀರುಗಳು ಒಂದೊಂದೇ ಮೇಲೆ ಬಂದವು.

“ನೋಡಿ, ಎಣ್ಣೆ ಹಚ್ಚಿದ್ರೆ ಗೀರು ಕಾಣಲ್ಲ. ಹಂಗಂತ ಹೋಗೋದೂ ಇಲ್ಲ,” ಅಂದ.

ಅದು ನನಗೆ ಎಲ್ಲೋ ಚುಚ್ಚಿತು. ನಗು ನಿಂತುಹೋಯಿತು.

“ಭಾನುವಾರ ಈ ಕಾರು ಎಲ್ಲಿಗೆ ಹೋಗುತ್ತೆ ಗೊತ್ತಾ?”

“ಇಲ್ಲ.”

“ತುರುವೇಕೆರೆಗೆ. ಹುಡುಗನ ಮನೆ ನೋಡಕ್ಕೆ. ನನಗೆ.”

ಅವನು ಬಟ್ಟೆ ಹಿಂಡುತ್ತಿದ್ದ. ನೀರೆಲ್ಲ ಇಳಿದ ಮೇಲೂ ಹಿಂಡುತ್ತಲೇ ಇದ್ದ. ಒಂದು ಮಾತು ಆಡಲಿ, ಒಂದೇ ಒಂದು ಅಂತ ನಾನು ಕಾದೆ. ಅವನು ಬಾನೆಟ್ಟಿನ ನಟ್ಟನಡುವೆ ಟೇಪ್ ಅಂಟಿಸಿದ.

“ಈ ಕಡೆ ರೋಟರಿ, ಆ ಕಡೆ ಇನ್ನೊಂದು. ವ್ಯತ್ಯಾಸ ಗೊತ್ತಾಗುತ್ತೆ,” ಅಂದ.

“ಮಾತಾಡಿದ್ರೆ ಬಾಯಿಂದ ಮುತ್ತು ಉದುರೋಗುತ್ತೇನ್ರೀ?” ಅಂದೆ. ಅಷ್ಟರಲ್ಲಿ ಅವನು ಸ್ವಿಚ್ ಒತ್ತಿದ್ದ, ಕೇಳಿಸಲಿಲ್ಲ.

ಅವನ ಕೆಲಸ ನೋಡುತ್ತ ನಿಂತೆ. ಅಂಗಡಿಯಲ್ಲಿ ತಡವರಿಸುವ ಆ ಮನುಷ್ಯ ಇಲ್ಲಿರಲಿಲ್ಲ. ಭುಜದ ಮೇಲೆ ವೈರು, ಎರಡೂ ಕೈಯಲ್ಲಿ ಮಷೀನು, ಅಡ್ಡಡ್ಡ, ಉದ್ದುದ್ದ. ನಡುನಡುವೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದ. ಉಣ್ಣೆ ಆಯಿತು, ಹಳದಿ ಫೋಮು ಆಯಿತು, ಕೊನೆಗೆ ಕಪ್ಪು. ಒರೆಸಿದಾಗ ತಗಡು, ತೆಂಗು, ಆಕಾಶ ಎಲ್ಲ ಬಾನೆಟ್ಟಿನ ಅರ್ಧದಲ್ಲಿ ಬಂದು ಕೂತವು. ಪಕ್ಕದಲ್ಲಿ ನಾನೂ ಇದ್ದೆ, ಮುಖ ಊದಿಸಿಕೊಂಡು.

ಈಗ ಇನ್ನರ್ಧಕ್ಕೆ ಇನ್ನೊಂದು ಮಷೀನು ತಗೊಳ್ಳಬೇಕು. ಅವನು ತಗೊಳ್ಳಲಿಲ್ಲ.

“ಯಾಕೆ ನಿಲ್ಸಿದ್ರಿ?”

“ರೋಟರೀನೇ ನಂಗೆ. ಮೊದಲ್ನೇ ದಿನಾನೇ ಗೊತ್ತಿತ್ತು.”

“ಏನು?” ನನ್ನ ಧ್ವನಿ ತೋಟಕ್ಕೆಲ್ಲ ಕೇಳಿಸಿರಬೇಕು. “ಗೊತ್ತಿದ್ದೂ ದಿನಾ ಬಂದು ನನ್ನ ತಲೆ ತಿಂದ್ರಾ?”

“ಮಷೀನು ತಗೊಂಡ್ಬುಟ್ರೆ ಅಂಗಡಿಗೆ ಬರಕ್ಕೆ ಬೇರೆ ಕಾರಣ ಎಲ್ಲಿತ್ತು?”

ಹೊಡೆಯಬೇಕು ಅನ್ನಿಸಿತು. ಅಳಬೇಕು ಅಂತಲೂ ಅನ್ನಿಸಿತು. ಎರಡರಲ್ಲಿ ಒಂದನ್ನು ಮಾಡುವ ಮೊದಲೇ ಹೊರಗೆ ಆಟೋ ನಿಂತಿತು. ಅಪ್ಪ ಇಳಿದರು.

ಅಪ್ಪ ಬಾನೆಟ್ ಸುತ್ತ ಒಂದು ಸುತ್ತು ಬಂದರು. ಹೊಳೆದ ಅರ್ಧದಲ್ಲಿ ತಮ್ಮ ಮುಖ ನೋಡಿಕೊಂಡರು, ಗೀರಿನ ಅರ್ಧದ ಮೇಲೆ ಉಗುರಾಡಿಸಿದರು.

“ಭೇಷ್. ಇನ್ನರ್ಧ ಯಾವಾಗಪ್ಪ?”

ಜ್ಞಾನೇಶ್ ನನ್ನನ್ನು ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿದ.

“ಮಾಡಲ್ಲ ಸಾರ್.”

“ಏನಂದೆ?”

“ಬೇರೆ ಎಲ್ಲಿಗೇ ಹೋಗೋದಾದ್ರೂ ಕೈಯಲ್ಲೇ ತಿಕ್ಕಿ ಹೊಳೆಸ್ತೀನಿ. ತುರುವೇಕೆರೆಗೆ ಹೋಗಕ್ಕೆ ಈ ಕಾರು ನನ್ನ ಕೈಲಿ ಹೊಳೆಸಕ್ಕಾಗಲ್ಲ. ತಪ್ಪು ತಿಳ್ಕೋಬ್ಯಾಡಿ. ನಿಮ್ಮ ಮಗಳು ಅಂದ್ರೆ ನಂಗೆ ಪ್ರಾಣ.”

ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಬಿಚ್ಚಿದ್ದೇ ಬಿಚ್ಚಿದ್ದು, ನೇರ ನಮ್ಮಪ್ಪನ ಎದುರಿಗೆ!

ಅಪ್ಪನ ಮುಖ ಕೆಂಪಾಯಿತು. “ಗಿರಾಕಿ ಅಂತ ಬಂದು ಇದೇನಾ ನೀನು ನೋಡ್ತಿದ್ದಿದ್ದು?” ಅಂದರು. ಅವನು ತಲೆ ತಗ್ಗಿಸಿದ, ಆದರೆ ನಿಂತ ಜಾಗ ಬಿಟ್ಟು ಕದಲಲಿಲ್ಲ.

ಅಪ್ಪ ನನ್ನತ್ತ ತಿರುಗಿದರು. “ನೀನೇನಮ್ಮ ಅಂತೀಯ? ತುರುವೇಕೆರೆಯವರಿಗೆ ನಾನಿನ್ನೂ ಮಾತು ಕೊಟ್ಟಿಲ್ಲ. ಕೊಟ್ಟ ಮೇಲೆ ನೀನು ಅತ್ತರೆ ನಾನೇನೂ ಮಾಡಕ್ಕಾಗಲ್ಲ. ಈಗ್ಲೇ ಹೇಳು.”

“ಆ ಹುಡುಗನ ಮುಖಾನೇ ನಂಗೆ ನೆನಪಿಲ್ಲ ಅಪ್ಪ,” ಅಂದೆ. “ಇವರ ಮುಖ ಮರೆಯಕ್ಕಾಗ್ತಿಲ್ಲ. ನಂಗೆ ಇವರೇ ಬೇಕು.”

ಹೇಳಿದವಳೇ ಬಾನೆಟ್ ಹಿಡಿದುಕೊಂಡೆ.

ಅಪ್ಪ ರಸ್ತೆಯ ಕಡೆ ಮುಖ ಮಾಡಿದರು. ಕಾಯಿ ತುಂಬಿದ ಟ್ರ್ಯಾಕ್ಟರ್ ಒಂದು ಹೋಯಿತು, ಬಸ್ಸೊಂದು ಹೋಯಿತು. ಜ್ಞಾನೇಶ್ ಮತ್ತೆ ಆ ಒಣಗಿದ ಬಟ್ಟೆಯನ್ನೇ ಹಿಂಡುತ್ತಿದ್ದ.

“ನೀನು ಹೊನ್ನವಳ್ಳಿ ಕಾಡಸಿದ್ದಪ್ಪನ ಮಗ ಅಲ್ವಾ?” ಅಪ್ಪ ಕೇಳಿದರು. “ಅವರ ತೋಟದ ಮೋಟಾರು ನಮ್ಮ ಅಂಗಡೀದೇ. ಮನೆ ಮಾತ್ರ ನೋಡಿಲ್ಲ.”

“ಹೌದು ಸಾರ್.”

“ಭಾನುವಾರ ಹೆಂಗೂ ಹೊರಡ್ಬೇಕು ಅಂತ ಮನೆಯೋರೆಲ್ಲ ರೆಡಿಯಾಗಿದಾರೆ. ತುರುವೇಕೆರೆಗೆ ಫೋನ್ ಮಾಡಿ ಬೈಸ್ಕೊಳ್ಳೋದು ನನ್ನ ಪಾಡು. ನಿಮ್ಮಪ್ಪಂಗೆ ಹೇಳು, ನಾವು ಮನೆ ನೋಡಕ್ಕೆ ಬತ್ತೀವಿ ಅಂತ. ನೋಡಕ್ಕಷ್ಟೇ. ಹೂಂ ಅನ್ನೋದು ಆಮೇಲಿನ ಮಾತು.” ಆಟೋ ಹತ್ತುತ್ತ ತಿರುಗಿ ಗದರಿದರು: “ಏನು ನಿಂತ್ಕೊಂಡು ನೋಡ್ತೀಯ? ಅರ್ಧ ಬಾನೆಟ್ ಇಟ್ಕೊಂಡು ನಿಮ್ಮನೆ ಮುಂದೆ ಬಂದಿಳೀಲಾ?”

ಜ್ಞಾನೇಶ್ ಓಡಿ ಹೋಗಿ ರೋಟರಿ ಎತ್ತಿಕೊಂಡ. ಈ ಸಲ ಕೆಳಗಿಡಲಿಲ್ಲ.

ಭಾನುವಾರ ಬೆಳಿಗ್ಗೆ ಸೀರೆ ಉಟ್ಟು ಹೊರಗೆ ಬಂದರೆ, ಶಾಂತಕುಮಾರಿ ಅತ್ತೆ ಕಾರಿನ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ಎಣ್ಣೆ ಬಟ್ಟಲು, ಇನ್ನೊಂದರಲ್ಲಿ ಹಳೇ ಬಟ್ಟೆ.

“ಒಂಚೂರು ಸವರ್ತೀನಿ ಕಣೇ. ಹೊನ್ನವಳ್ಳೀಲಿ ಗಂಡಿನೋರ ಮನೆ ಮುಂದೆ ನಿಲ್ಲೋ ಕಾರು, ಮಿರಮಿರ ಅನ್ಲಿ.”

ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ. ಎರಡೂ ಕೈ ಚಾಚಿ ಬಾನೆಟ್ಟಿಗೆ ಅಡ್ಡ ನಿಂತೆ.

“ಬ್ಯಾಡ ಅತ್ತೆ, ನಿಮ್ಮ ದಮ್ಮಯ್ಯ. ಅವರು ತುಂಬಾ ಕಷ್ಟಪಟ್ಟು ಹೊಳೆಸಿದಾರೆ.”

“ಅವರು ಅಂದ್ರೆ ಯಾರೇ?” ಅಂದರು ಅತ್ತೆ, ಬೇಕಂತಲೇ ಕಣ್ಣರಳಿಸಿ.

ಅಪ್ಪ ಜಗಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಕೆಮ್ಮಿದರು. ನಾನು ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತು, ಬೇಗ ಹೊರಡೋಣ ಅಂದೆ.