ಗೆದ್ದಲಿಗೊಂದು ಟಿಫಿನ್ ಡಬ್ಬಿ

"ನಾನಲ್ಲ ಅಂದೆ ಅಲ್ವಾ! ನಾನಲ್ಲ, ನಾನಲ್ಲ, ನಾನಲ್ಲ!"

ಮನೆಯವರೆಲ್ಲ 'ಸಿಡುಕಿ' ಎಂದೇ ಕರೆಯುವ ಹುಡುಗಿ ಕಾಲನ್ನು ನೆಲಕ್ಕೆ ಅಪ್ಪಳಿಸಿದಳು. ಹೆಗಲಿನಲ್ಲಿ ಸ್ಕೂಲ್ ಬ್ಯಾಗ್ ಇನ್ನೂ ಹಾಗೇ ಇತ್ತು. ಒಂದು ಕಾಲಿನಲ್ಲಿ ಶೂ, ಇನ್ನೊಂದರಲ್ಲಿ ಬರೀ ಸಾಕ್ಸ್. ಶೂ ಬಿಚ್ಚುವುದಕ್ಕೂ ಬಿಡದೆ ಅಪ್ಪ ಬಾಗಿಲಲ್ಲೇ ಹಿಡಿದು ನಿಲ್ಲಿಸಿದ್ದರು.

"ಕಾಲು ಕುಟ್ಟಬೇಡ. ಮೊದ್ಲೇ ಗೆದ್ದಲು ತಿಂದ ಮನೆ," ಎಂದರು ಅಪ್ಪ.

ಪೆಸ್ಟ್ ಕಂಟ್ರೋಲ್ ಅಂಕಲ್ ಮರದ ಕಂಬದ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದರು. ಪೆನ್ಸಿಲ್ ದಪ್ಪದ ಮಣ್ಣಿನ ಗೆರೆಯೊಂದು ಕಂಬ ಹಿಡಿದು ಅಟ್ಟದವರೆಗೆ ಹತ್ತಿತ್ತು. ಅದು ಗೆದ್ದಲು ತನಗಾಗಿ ಕಟ್ಟಿಕೊಂಡ ದಾರಿ. ಹೋದ ಸಲ ಬಂದಾಗ ಅಂಕಲ್ ಆ ದಾರಿಯ ಮೇಲೆಯೇ ಒಂದು ಚಪ್ಪಟೆ ಬಿಳಿ ಡಬ್ಬಿ ಕೂರಿಸಿ ಹೋಗಿದ್ದರು. ಈಗ ಅದರ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು.

"ಫಿನಾಯಿಲ್, ಸಾರ್. ಆಸ್ಪತ್ರೆ ಹೊಕ್ಕ ಹಾಗಿದೆ. ಒಂದು ಹುಳಾನೂ ಇಲ್ಲ, ಊಟ ಬಿಟ್ಟು ಎದ್ದು ಹೋಗಿದ್ದಾವೆ."

ಡಬ್ಬಿಯಲ್ಲಿದ್ದದ್ದು ಔಷಧಿ ಬೆರೆಸಿದ ತಿನಿಸು. ಗೆದ್ದಲು ಅದನ್ನು ತಿನ್ನಬೇಕು, ಗೂಡಿಗೆ ಒಯ್ಯಬೇಕು, ರಾಣಿಗೂ ಉಣಿಸಬೇಕು. ಆಗ ಗೂಡಿಗೆ ಗೂಡೇ ಮುಗಿಯುತ್ತದೆ. ಬೇರೆ ವಾಸನೆ ತಾಗಿತೋ, ಅವು ಡಬ್ಬಿ ಬಿಟ್ಟು ಮರಕ್ಕೇ ಬಾಯಿ ಹಾಕುತ್ತವೆ.

"ಅಲ್ನೋಡಿ," ಎಂದು ಅಂಕಲ್ ಪಕ್ಕದ ಕಂಬ ತೋರಿಸಿದರು. ಅಲ್ಲೂ ಒಂದು ಎಳೆಯ ಮಣ್ಣಿನ ಗೆರೆ ಮೇಲಕ್ಕೆ ಹೊರಟಿತ್ತು.

ಅಪ್ಪ ಸಿಡುಕಿಯ ಕಡೆ ತಿರುಗಿದರು. "ಫಿನಾಯಿಲ್ ಹೊಯ್ದು ಒಂದೊಂದನ್ನೂ ಸಾಯಿಸ್ತೀನಿ ಅಂತ ಅವತ್ತು ಕೂಗಾಡಿದ್ದು ಯಾರು? ನಾನಾ?"

ಕೂಗಾಡಿದ್ದು ನಿಜ. ಅಟ್ಟದಲ್ಲಿಟ್ಟಿದ್ದ ಅವಳ ಕತೆ ಪುಸ್ತಕಗಳು ಎತ್ತಿದರೆ ಪುಡಿ ಉದುರುವಂತಾಗಿದ್ದವು. ಆ ಸಿಟ್ಟಿಗೆ, "ಪುಸ್ತಕ ತಿಂದಿದ್ದಕ್ಕೆ ಇವಕ್ಕೆ ಟಿಫಿನ್ ಡಬ್ಬಿನಾ? ಹಾವಿಗೆ ಹಾಲೆರೆದ ಹಾಗಾಯ್ತು!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದ್ದಳು. ಆದರೆ ಹೇಳಿದ್ದಷ್ಟೇ, ಮಾಡಿರಲಿಲ್ಲ.

"ಹೇಳ್ದೆ. ಹೊಯ್ಯಲಿಲ್ಲ."

"ಸಾಕು. ಭಾನುವಾರ ಬಡಗಿ ಬರ್ತಾನೆ, ಅಟ್ಟ ಕಳಚಿಬಿಡೋಣ. ಅದೊಂದು ಹೋದ್ರೆ ಉಳಿದ ಮನೆಯಾದ್ರೂ ಉಳಿಯುತ್ತೆ."

ಸಿಡುಕಿ ಥಟ್ಟನೆ ಅಟ್ಟದ ಕಡೆ ನೋಡಿದಳು. ಆ ಅಟ್ಟದಲ್ಲಿ ತಲೆ ಬಗ್ಗಿಸದೆ ಕೂರಲು ಮನೆಯಲ್ಲಿ ಅವಳೊಬ್ಬಳಿಗೇ ಆಗುತ್ತಿತ್ತು. ಅಪ್ಪ ಹತ್ತಿದರೆ ಅಂಬೆಗಾಲಿಡಬೇಕು. ಹೋಮ್‌ವರ್ಕ್, ಓದು, ಅಳು, ಎಲ್ಲ ಅಲ್ಲೇ.

ಅವಳು ಏಣಿ ಹತ್ತಿ ಮೇಲೆ ಹೋದಳು. ಅಮ್ಮ ಆಫೀಸಿನಿಂದ ಬಂದು ಊಟಕ್ಕೆ ಕರೆದರೂ ಇಳಿಯಲಿಲ್ಲ. ಅಜ್ಜಿ ಕೆಳಗೆ ನಿಂತು, "ಹೊಟ್ಟೆ ಮೇಲೆ ಯಾಕೇ ಸಿಟ್ಟು? ಅದೇನು ಮಾಡಿತ್ತು?" ಎಂದರೆ ಗೋಡೆಗೆ ಮುಖ ಮಾಡಿದಳು. ಅಂಕಲ್ ಹೋದ ಸಲ ಬಂದಾಗ ಅಜ್ಜಿ ಊರಿನಲ್ಲಿರಲಿಲ್ಲ, ಈ ಸಲ ಪಕ್ಕದ ಮನೆಗೆ ಹೋಗಿದ್ದರು. ಏನಾಯಿತೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹೊಯ್ದವರು ಯಾರು? ಹಿಡಿಯಲೇಬೇಕು. ಹಿಡಿದು ಅಪ್ಪನ ಮುಂದೆ ನಿಲ್ಲಿಸಿ, "ನೋಡು!" ಎನ್ನಬೇಕು. ಅದನ್ನೇ ನೆನೆಯುತ್ತ ಸಿಡುಕಿ ಅಲ್ಲೇ ನಿದ್ದೆ ಹೋದಳು.

ಬೆಳಿಗ್ಗೆ ಎಚ್ಚರವಾದದ್ದು ಹಾಡಿಗೆ. ಬಾಯಿ ಬಿಡದೆ ಗುನುಗುವ ಹಾಡು. ಎಲ್ಲರಿಗಿಂತ ಮೊದಲು ಎದ್ದು ಮನೆ ಒರೆಸುವಾಗ ಅಜ್ಜಿ ಹೀಗೇ ಗುನುಗುವುದು. ಒರೆಸುವುದೂ ಅವರಿಗೆ ದೇವರ ಕೆಲಸವೇ.

ಸಿಡುಕಿ ಹಲಗೆಗಳ ಸಂದಿಯಲ್ಲಿ ಇಣುಕಿದಳು. ಅಜ್ಜಿ ಬಕೆಟ್ಟಿಗೆ ಒಂದು ಮುಚ್ಚಳ ಏನೋ ಸುರಿದರು. ನೀರು ಬೆಳ್ಳಗಾಯಿತು. ವಾಸನೆ ಮೇಲಕ್ಕೇ ಬಂತು.

ಫಿನಾಯಿಲ್.

ಬಟ್ಟೆ ಅದ್ದಿ, ಹಿಂಡಿ, ಮೇಜು ಒರೆಸಿದರು. ಕಿಟಕಿ ಒರೆಸಿದರು. ಕಂಬದ ಹತ್ತಿರ ಬಂದರು. ಬಿಳಿ ಡಬ್ಬಿಯನ್ನು, ಮಗುವಿನ ಮುಖ ತೊಳೆದಂತೆ, ಮೂಲೆಮೂಲೆಯೂ ಬಿಡದೆ ಒರೆಸಿದರು. ಆಮೇಲೆ ಮಣ್ಣಿನ ಗೆರೆ ಕಣ್ಣಿಗೆ ಬಿತ್ತು. ಹಾಡು ನಿಂತಿತು.

"ಮತ್ತೆ ಬಂದ್ಯಾ? ನಿನ್ನೆ ತಾನೆ ಒರೆಸಿದ್ದೆ! ಮೊನ್ನೆ ಒರೆಸಿದ್ದೆ! ಹಠಾನಾ? ನೀನು ಹಠಮಾರಿ ಆದ್ರೆ ನಾನು ಹಠಮಾರಿಗೆ ಅಜ್ಜಿ!" ಎಂದು ಅಜ್ಜಿ ಕಾಲನ್ನು ನೆಲಕ್ಕೆ ಅಪ್ಪಳಿಸಿದರು.

ಮೇಲೆ ಸಿಡುಕಿ ಬಾಯಿ ತೆರೆದವಳು ಹಾಗೇ ಉಳಿದಳು. 'ಸಿಕ್ಕಿಬಿದ್ದೆ' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಕಾಲು, ಆ ಅಪ್ಪಳಿಸಿದ ರೀತಿ, ಅವಳಿಗೆ ತೀರಾ ಗೊತ್ತಿದ್ದದ್ದು.

"ಏನದು ಸದ್ದು?" ಅಪ್ಪ ಕಣ್ಣುಜ್ಜುತ್ತ ಬಂದರು. ಬಕೆಟ್ ನೋಡಿದರು. ಬಟ್ಟೆ ನೋಡಿದರು. "ಅಮ್ಮಾ! ನೀನಾ? ಅದು ಗೆದ್ದಲಿನ ಔಷಧಿ ಡಬ್ಬಿ!"

"ಔಷಧೀನಾ? ನಾನು ಹೊಸ ಕರೆಂಟ್ ಡಬ್ಬಿ ಅಂದ್ಕೊಂಡೆ ಕಣೋ. ಧೂಳು ಕೂತಿತ್ತು, ಸ್ವಿಚ್ಚು ಒರೆಸಿದ ಹಾಗೆ ಒರೆಸ್ದೆ." ಅಜ್ಜಿ ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡರು. ನೀರು ತೊಟ್ಟಿಕ್ಕುತ್ತಲೇ ಇತ್ತು.

ಅಪ್ಪನ ಮುಖ ಕೆಂಪಾಯಿತು. ಬಾಯಿ ತೆರೆಯಿತು.

ಸಿಡುಕಿ ಏಣಿಯ ಅರ್ಧದಿಂದಲೇ ದುಮುಕಿದಳು. "ಬೈಬೇಡ! ಅಜ್ಜೀನ ಬೈದ್ರೆ ನಾನು ಸುಮ್ಮನಿರಲ್ಲ! ಅಜ್ಜಿಗೆ ಯಾರಾದ್ರೂ ಹೇಳಿದ್ರಾ? ಇಲ್ಲ! ನನ್ನನ್ನ ಯಾರಾದ್ರೂ ಕೇಳಿದ್ರಾ? ಅದೂ ಇಲ್ಲ! ನೀನು ಕೇಳೋದೇ ಇಲ್ಲ ಅಪ್ಪ, ಬರೀ ಬೈತೀಯ!"

ಅಜ್ಜಿ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಬೆನ್ನ ಹಿಂದಿದ್ದ ಬಟ್ಟೆ ಈಗ ಮುಂದೆ ಬಂದಿತ್ತು.

"ನಿನ್ನೆ ಮಗು ಉಪವಾಸ ಮಲಗಿದ್ದು ಇದಕ್ಕಾ? ನಾನು ಒರೆಸಿದ್ದಕ್ಕೆ ಅವಳಿಗೆ ಬೈಗುಳಾನಾ?" ಅಜ್ಜಿಯ ಕಾಲು ಮತ್ತೆ ನೆಲಕ್ಕೆ ಬಡಿಯಿತು. ಪಕ್ಕದಲ್ಲೇ ಸಿಡುಕಿಯ ಕಾಲೂ.

ಅಪ್ಪ ಒಮ್ಮೆ ಅಟ್ಟದ ಕಡೆ ನೋಡಿದರು, ಒಮ್ಮೆ ನಾಲ್ಕು ಕಾಲುಗಳ ಕಡೆ.

"ಇಬ್ಬರೂ ಕುಟ್ಟಬೇಡಿ," ಎಂದರು, ಮೆಲ್ಲಗೆ. "ಗೆದ್ದಲು ತಿಂದ ಮನೆ." ಸಿಡುಕಿಯ ಕಡೆ ತಿರುಗಿ, "ಕೇಳ್ಬೇಕಿತ್ತು ಪುಟ್ಟಿ," ಎಂದರು.

ಸಿಡುಕಿಯ ಸಿಟ್ಟು ಅಷ್ಟು ಬೇಗ ಇಳಿಯುವಂಥದ್ದಲ್ಲ. ತಿಂಡಿ ಮಾತ್ರ ಎರಡು ಸಲ ಹಾಕಿಸಿಕೊಂಡಳು.

ಅಪ್ಪ ಬಡಗಿಗೆ ಫೋನ್ ಮಾಡಿ, ಈ ಭಾನುವಾರ ಬೇಡ ಎಂದರು. ಅಂಕಲ್ ಬಂದು ಎರಡೂ ಕಂಬಗಳಿಗೆ ಹೊಸ ಡಬ್ಬಿ ಕೂರಿಸಿದರು. ಈ ಸಲ ಅಪ್ಪ ಎಲ್ಲರನ್ನೂ ಕರೆದು ಕೂರಿಸಿದರು, ಅಜ್ಜಿಯನ್ನು ಎಲ್ಲರಿಗಿಂತ ಮುಂದೆ.

"ಅಜ್ಜಿ, ನೀವು ಈ ಕಂಬಗಳ ಕಡೆ ಬಟ್ಟೆ ತರಬಾರ್ದು. ಮಣ್ಣು ಕಂಡ್ರೂ ಬಿಡಿ," ಎಂದರು ಅಂಕಲ್.

"ಎಷ್ಟು ದಿನ?"

"ಅವು ಹೊಟ್ಟೆ ತುಂಬ ತಿನ್ನೋವರೆಗೆ."

ಅಜ್ಜಿ ಹಲ್ಲು ಕಚ್ಚಿಕೊಂಡು ತಲೆಯಾಡಿಸಿದರು.

ಸುಮ್ಮನಿರುವುದು ಸುಲಭವಾಗಿರಲಿಲ್ಲ. ಸಿಡುಕಿ ಬೆಳಿಗ್ಗೆ ಕಂಬಕ್ಕೆ ಕಿವಿಯಿಡುತ್ತಿದ್ದಳು. ಒಳಗೆ ಚಿರ್, ಚಿರ್, ಯಾರೋ ಮೆಲ್ಲಗೆ ಪುಸ್ತಕ ಹರಿದಂತೆ. ಗುದ್ದಬೇಕೆನಿಸುತ್ತಿತ್ತು. ಆಗ ಅಜ್ಜಿಯ ಹಾಡು ಕಂಬದ ಹತ್ತಿರ ಬಂದು ನಿಲ್ಲುತ್ತಿತ್ತು. ಗೆರೆ ದಪ್ಪವಾಗಿತ್ತು, ಧೂಳೂ ಕೂತಿತ್ತು. ಅಜ್ಜಿಯ ಬೆರಳುಗಳು ಒದ್ದೆ ಬಟ್ಟೆಯನ್ನು ಹಿಂಡಿಯೇ ಹಿಂಡುತ್ತಿದ್ದವು, ಅದರಲ್ಲಿ ಹನಿ ನೀರಿಲ್ಲದಿದ್ದರೂ.

ಒಂದು ದಿನ ಸಿಡುಕಿ ಆ ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಹಿಂಡಿದರು.

"ನಿಂಗೂ ಸಿಟ್ಟು ಹಿಂಗೇ ಬರುತ್ತಾ, ಅಜ್ಜಿ? ಹೊಟ್ಟೆಯಿಂದ, ಬಿಸಿ ಬಿಸಿಯಾಗಿ?"

"ಹಾಡೋದು ಯಾಕೆ ಅಂದ್ಕೊಂಡೆ ಮತ್ತೆ?" ಎಂದು ಅಜ್ಜಿ ಬಕೆಟ್ ಎತ್ತಿಕೊಂಡು ಮುಂದೆ ನಡೆದರು.

ಅಜ್ಜಿ ಅಡುಗೆಮನೆ ಮುಟ್ಟುವಷ್ಟರಲ್ಲಿ ಹಾಡು ಮತ್ತೆ ಶುರುವಾಗಿತ್ತು. ಸಿಡುಕಿ ಅದು ಮುಗಿಯುವವರೆಗೂ ಅಲ್ಲೇ ನಿಂತು ಕೇಳಿದಳು.

ಚಿರ್ ಚಿರ್ ಸದ್ದು ಕೇಳಿಸದ ಬೆಳಿಗ್ಗೆಯೂ ಬಂತು. ಅಂಕಲ್ ಬಂದು ಡಬ್ಬಿ ಬಿಚ್ಚಿದರು, ಗೆರೆಯನ್ನು ಉಗುರಿನಿಂದ ಕೆರೆದರು. ಒಣಗಿದ ಮಣ್ಣು ಪುಡಿಪುಡಿಯಾಗಿ ಉದುರಿತು.

"ಮುಗೀತು ಸಾರ್. ಕಂಬದ ಬುಡ ಒಂದನ್ನ ಬಡಗಿ ಕೈಲಿ ಬದಲಾಯಿಸಿ. ಅಟ್ಟಕ್ಕೇನೂ ಭಯವಿಲ್ಲ."

ಸಿಡುಕಿ ಒಳಗೆ ಓಡಿದಳು. ಅಡುಗೆಮನೆಯಲ್ಲಿ ಏನೋ ಧಡ್ ಎಂದು ಬಿತ್ತು.

"ಸಿಡು—" ಎಂದು ಗದರಲು ಹೊರಟ ಅಪ್ಪ ತಡೆದುಕೊಂಡರು. "ಏನು ಬಿತ್ತು, ಪುಟ್ಟಿ?"

"ಬಕೆಟ್ಟು. ಖಾಲಿದು," ಎಂದಳು ಒಳಗಿಂದ. ಬರುವಾಗ ಅದರಲ್ಲಿ ನೀರಿತ್ತು, ನೀರು ಬೆಳ್ಳಗಿತ್ತು. ಅದನ್ನು ಕಂಬದ ಬುಡದಲ್ಲಿಟ್ಟು, ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ, ಅಜ್ಜಿಯ ಕೈಗಿತ್ತಳು.

"ಹೂಂ. ಈಗ ಒರೆಸು."