ಸೋರಿಹೋದ ಕೊನೆಯ ಕಂತು

ಆಡಿದ ಮಾತಿನ ಮರ್ಮವನ್ನು ಅರಿಯುವ, ಆಡದೆ ನುಂಗಿದ ಮಾತನ್ನೂ ಆಲಿಸುವ ಪರಮಾತ್ಮನಿಗೆ ನಮಸ್ಕರಿಸಿ, ಒಂದೇ ಸೂರಿನ ಕೆಳಗೆ ನಡೆದ ಕಳವಿನ ವೃತ್ತಾಂತವನ್ನು ನಿರೂಪಿಸುತ್ತೇನೆ.

"ಕೊನೆಯ ಕಂತು ಹೊರಗೆ ಬಿದ್ದಿದೆ" ಎಂದು ಕಂಪನಿಯ ಅಧಿಕಾರಿ ಹೊಸ್ತಿಲಲ್ಲೇ ನಿಂತು ಹೇಳಿದಾಗ, ಆ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ತಮ್ಮನ ಕೈಯಿಂದ ಹೆಡ್‌ಫೋನು ಜಾರಿ ಮೇಜಿನ ಮೇಲೆ ಬಿತ್ತು.

ಗಡಿಯಾರ ರಿಪೇರಿಯವನೊಬ್ಬ ಕಾಣೆಯಾದ ಕತೆಯನ್ನು ಆತನ ಅತ್ತಿಗೆ ಪಾಡ್‌ಕಾಸ್ಟಿನಲ್ಲಿ ಕಂತುಕಂತಾಗಿ ಹೇಳುತ್ತಿದ್ದರು. ಮಲಗುವ ಕೋಣೆಯಲ್ಲಿ, ಬಟ್ಟೆಯ ಬೀರುವಿಗೆ ಬೆನ್ನು ಕೊಟ್ಟು, ಹಳೆಯ ಮರದ ಕುರ್ಚಿಯಲ್ಲಿ ಕುಳಿತು ಅವರು ನುಡಿಯುವುದು. ಆ ಧ್ವನಿಯನ್ನು ತಿದ್ದಿ ತೀಡುವುದು ಗಂಡನ ತಮ್ಮನ ಕೆಲಸ. ಆತನಿಗೆ ಬೇರೆ ಕಸುಬಿರಲಿಲ್ಲ. ಕಾಣೆಯಾದವನು ಏನಾದನೆಂಬ ಗುಟ್ಟು ಕೊನೆಯ ಕಂತಿನಲ್ಲಿತ್ತು. ಪಾಡ್‌ಕಾಸ್ಟನ್ನು ಕೊಳ್ಳಲು ಮುಂದೆ ಬಂದಿದ್ದ ಕಂಪನಿಯಲ್ಲಿ ಮಾತ್ರ ಅದು ದೊರೆಯಬೇಕೆಂಬುದೇ ಇನ್ನೂ ಸಹಿಯಾಗದ ಒಪ್ಪಂದದ ಜೀವಾಳ. ಈಗ ಯಾವುದೋ ಹೊಸ ಖಾತೆಯಿಂದ ಅದು ಲೋಕಕ್ಕೆಲ್ಲ ಬಿಟ್ಟಿಯಾಗಿ ಸಿಗುತ್ತಿತ್ತು.

"ಕಂತು ಬಿಟ್ಟೋರನ್ನ ಈ ಕೆಲಸದಿಂದ ದೂರ ಇಡಬೇಕು ಮೇಡಂ. ಇಲ್ಲಾಂದ್ರೆ ಸಹಿ ಇಲ್ಲ" ಎಂದ ಅಧಿಕಾರಿ ತಮ್ಮನತ್ತ ತಿರುಗಿದ. "ಹೇಳೋಕೆ ಸಂಕೋಚ. ಇವರು ಕಳೆದ ವಾರ ಒಬ್ಬರೇ ನಮ್ಮ ಆಫೀಸಿಗೆ ಬಂದಿದ್ರು. ಅತ್ತಿಗೆ ಇಲ್ಲದೆ ನನಗೊಬ್ಬನಿಗೇ ಎಷ್ಟು ಬೆಲೆ ಕಟ್ತೀರಿ ಅಂತ ಕೇಳಿದ್ರು."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ತಮ್ಮನಿಗೆ. ಅಂದು ದೊರೆತಿದ್ದ ಉತ್ತರ ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು: 'ನಿಮ್ಮನ್ನ ಹುಡುಕ್ಕೊಂಡು ಯಾರೂ ಬರಲ್ಲ ಸಾರ್.' ತನ್ನ ಅತ್ತರಿನ ಅಂಗಡಿಗೆ ಹೊರಟು ನಿಂತಿದ್ದ ಅಣ್ಣ ಚಪ್ಪಲಿಯನ್ನೇ ನೋಡುತ್ತ ಸುಮ್ಮನಿದ್ದ.

ಮಹಡಿಯ ಮೇಲೆ ವಾಸವಿದ್ದವರು ದೊಡ್ಡಮ್ಮ. ತನಿಖಾ ಇಲಾಖೆಯಿಂದ ನಿವೃತ್ತರಾದರೂ ಬೀದಿಯ ಕಗ್ಗಂಟುಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ಅವನ್ನು ಬಿಡಿಸುವಾಗ ಜೊತೆಗಿರುತ್ತಿದ್ದವನು ಈ ತಮ್ಮನೇ. ಇಂದು ಮಾತ್ರ ಆತ ಅವರೆದುರು ಮುಖವೆತ್ತಲಾರದೆ ನಿಂತ.

"ಅಳೋದಿದ್ರೆ ಆಮೇಲೆ ಅಳು. ಮೊದಲು ಆ ಸೋರಿದ ಕಂತು ಹಾಕೋ ಮಗಾ."

ಅತ್ತಿಗೆಯ ಧ್ವನಿ ಹೊಮ್ಮಿತು. ನಡುವೆ ಒಮ್ಮೆ ಕುರ್ಚಿ ಕಿರ್ರೆಂದಿತು.

"ಈ ಸದ್ದನ್ನ ನೀನು ತೆಗೆಯೋದಿಲ್ವೇನೋ?"

"ಪ್ರತಿ ಸಲ ತೆಗೀತೀನಿ ದೊಡ್ಡಮ್ಮ. ಕಂಪನಿಗೆ ಕಳಿಸಿದ್ರಲ್ಲೂ ಇರಲಿಲ್ಲ."

"ಅದರ ಕೆಳಗೆ ಏನೋ ಬರೆದಿದೆಯಲ್ಲ?"

"'ಇಷ್ಟವಾದರೆ ಹಿಂದಿನ ಕಂತುಗಳನ್ನೂ ಕೇಳಿ' ಅಂತ. ನಮ್ಮ ಪಾಡ್‌ಕಾಸ್ಟಿನ ಕೊಂಡಿ ಕೊಟ್ಟಿದ್ದಾರೆ."

"ಕಂಪನಿಯವರು ಬೆಲೆ ಕಟ್ಟೋ ಬಗೆ ವಿವರಿಸಿದ ದಿನ ಯಾರ್ಯಾರು ಇದ್ರಿ?"

"ಅತ್ತಿಗೆ, ನಾನು. ಅಣ್ಣ ಶುರುವಲ್ಲೇ ಎದ್ದು ಅಂಗಡಿಗೆ ಹೋದ. 'ನಾವು ಮೊದಲು ಗಿರಾಕಿ ಕೈಗೊಂದು ಹನಿ ಬಿಟ್ಟಿ ಹಚ್ಚಿ, ಆಮೇಲೆ ಶೀಶೆ ಮಾರೋರು, ನಿಮ್ಮ ಲೆಕ್ಕ ನಮಗ್ಯಾಕೆ' ಅಂತ ನಗಾಡ್ದ."

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಸಂಜೆ ಎಲ್ಲರೂ ಇರಲಿ. ಆ ಅಧಿಕಾರೀನೂ ಬರಲಿ."

ಸಂಜೆ ನಡುಮನೆಯಲ್ಲಿ ಎಲ್ಲರೂ ನೆರೆದರು. ತಮ್ಮ ಗೋಡೆಗೊರಗಿ ನಿಂತ. ಕುಳಿತುಕೊಳ್ಳುವ ಅರ್ಹತೆಯೂ ತನಗಿಲ್ಲವೆಂಬಂತೆ.

"ಸ್ವಾಮಿ, ನೀವು ಬೆಲೆ ಕಟ್ಟೋದು ಹೇಗೆ ಅಂತ ಇನ್ನೊಂದು ಸಲ ಹೇಳಿ" ಎಂದರು ದೊಡ್ಡಮ್ಮ.

"ಎಷ್ಟು ಜನ ಕಿವಿ ಕೊಟ್ರು ಅನ್ನೋದಷ್ಟೇ ಅಲ್ಲ ಅಮ್ಮ. ಕೊನೆ ತನಕ ಎಷ್ಟು ಜನ ಉಳೀತಾರೆ, ಇವರು ನಮ್ಮಲ್ಲಿಗೆ ಬಂದ್ರೆ ಎಷ್ಟು ಜನ ಹಿಂದೆ ಬರ್ತಾರೆ, ಅದು ಮುಖ್ಯ. ಬೇರೆ ಕಡೆ ಸಿಗೋದಕ್ಕೆ ನಾವ್ಯಾಕೆ ದುಡ್ಡು ಕೊಡ್ಬೇಕು?"

"ಸರಿ. ಸೋರಿದ ಪ್ರತಿಯಲ್ಲಿ ಕುರ್ಚಿಯ ಸದ್ದಿದೆ. ತಿದ್ದೋ ಮುಂಚಿನದು ಅದು, ಈ ಮನೆಯ ರೆಕಾರ್ಡರಿನಿಂದಲೇ ಹೋದದ್ದು. ನಿಮ್ಮ ಆಫೀಸಿನವರು ನಿರ್ದೋಷಿಗಳು. ಇನ್ನು ಹಗೆಗೆ ಮಾಡಿದೋರು ಹಿಂದಿನ ಕಂತು ಕೇಳಿ ಅಂತ ಕೊಂಡಿ ಕೊಡ್ತಾರಾ? ಇದು ಒಳ್ಳೇದು ಬಯಸಿದೋರ ಕೆಲಸ. ಕೊನೆಯ ಕಂತು ಬಿಟ್ಟಿ ಸಿಕ್ಕರೆ ಬೆಲೆ ಬೀಳುತ್ತೆ ಅಂತ ನಮ್ಮ ಸೊಸೆಗೆ ಗೊತ್ತಿತ್ತು, ಇವನಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದೋರು ಒಬ್ಬರೇ. ಒಂದು ಹನಿ ಹಚ್ಚಿ ಶೀಶೆ ಮಾರೋ ಕೈ ಅದು."

ಅಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು, ಬಚ್ಚಿಟ್ಟುಕೊಳ್ಳುವಂತೆ.

"ಜನ ಮುತ್ತಿಕೊಂಡ್ರೆ ಬೆಲೆ ಏರುತ್ತೆ ಅಂದ್ಕೊಂಡೆ ದೊಡ್ಡಮ್ಮ" ಎಂದ ಅಣ್ಣ.

"ನೀನು ಹಚ್ಚಿದ್ದು ಹನಿಯಲ್ಲಪ್ಪ. ಶೀಶೆಯನ್ನೇ ಬೀದಿಗೆ ಸುರಿದೆ. ಹೋಗಲಿ, ಅದು ಅರಿಯದೆ ಮಾಡಿದ್ದು. ಬೆಳಿಗ್ಗೆ ತಮ್ಮನ ಮೇಲೆ ಬಂದಾಗ ಸುಮ್ಮನಿದ್ದೆಯಲ್ಲ, ಅದು?"

ತಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಣ್ಣ ಮನೆಗಾಗಿ ಕೆಡಿಸಿದ್ದ. ತಾನು ಮನೆಯನ್ನೇ ಬಿಟ್ಟು ಬೆಲೆ ಕೇಳಲು ಹೋಗಿದ್ದ. ನಿರಪರಾಧಿಯೆಂದು ಸಾಬೀತಾದ ಗಳಿಗೆಯಲ್ಲೇ ಆತನ ತಲೆ ಇನ್ನಷ್ಟು ತಗ್ಗಿತು.

ಅಧಿಕಾರಿ ಕೆಮ್ಮಿದ. "ಹಾಗಾದ್ರೆ ನಿಮ್ಮ ಯಜಮಾನರು ರೆಕಾರ್ಡಿಂಗ್ ಕೋಣೆಗೆ ಕಾಲಿಡಬಾರದು ಅಂತ ಒಂದು ಸಾಲು ಸೇರಿಸೋಣ."

"ಅದು ನಾವು ಮಲಗೋ ಕೋಣೆ ಸಾರ್" ಎಂದರು ಅತ್ತಿಗೆ. "ಎಲ್ಲಿ ಮಲಗಿಸಲಿ, ನಿಮ್ಮ ಆಫೀಸಲ್ಲಾ?"

ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. ಅತ್ತಿಗೆ ಮಾತ್ರ ನಗಲಿಲ್ಲ. "ಬೆಲೆ ಇಳಿಸಿ, ಒಪ್ತೀನಿ. ಮುಂದಿನ ಕತೆ ನಿಮ್ಮಲ್ಲೇ ಮೊದಲು ಬರುತ್ತೆ. ರೆಕಾರ್ಡರು ಇನ್ಮೇಲೆ ಈ ನನ್ನ ಮೈದುನನ ಹತ್ತಿರವೇ ಇರುತ್ತೆ, ಒಪ್ಪಂದದಲ್ಲಿ ಇವನ ಹೆಸರೂ ಇರಲಿ. ನನ್ನ ಸ್ವರ ಕೇಳೋಹಾಗಿರೋದು ಇವನಿಂದ."

ಅಧಿಕಾರಿ ಒಪ್ಪಿ ತಲೆಯಾಡಿಸಿದ. ತಮ್ಮನು ಅತ್ತಿಗೆಯ ಕಾಲಿಗೆ ಬಾಗಿದ. ಅವರು ಕಾಲು ಹಿಂದೆಗೆದುಕೊಂಡು, "ಇನ್ನೊಂದು ಸಲ ಬೆಲೆ ಕೇಳೋದಿದ್ರೆ ಮನೇಲಿ ಕೇಳು" ಎಂದಷ್ಟೇ ಹೇಳಿ ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಮಲಗುವ ಕೋಣೆಯಿಂದ ಸದ್ದು ಕೇಳಿ ತಮ್ಮ ಇಣುಕಿದ. ಅಣ್ಣ ನೆಲದ ಮೇಲೆ ಕುಳಿತು ಕುರ್ಚಿಯ ಸಂದುಗಳಿಗೆ ಎಣ್ಣೆ ಬಿಡುತ್ತಿದ್ದ. ತಮ್ಮ ಒಳಬಂದು ಕುರ್ಚಿಯನ್ನು ಓರೆಯಾಗಿ ಎತ್ತಿ ಹಿಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇದನ್ನು ಕೇಳಿದವರ ಮನೆಗಳಲ್ಲಿ ತಪ್ಪಿದ ಮಾತು ಕ್ಷಮೆಯಾಗಿ ಮರಳಲಿ. ನಾಚಿ ಬಾಗಿದ ತಲೆಗಳ ಮೇಲೆ ಹಿರಿಯರ ಕೈಯೂ ಭಗವಂತನ ಕರುಣೆಯೂ ಇರಲಿ.